ದಳವಾಯಿ, ಹಗೇವು, ಹರಿಕಾರ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ಚಿತ್ರದುರ್ಗದ ಪತನದ ಕಥೆ ಹೇಳುವ ತ.ರಾ.ಸು. ಅವರ 'ದುರ್ಗಾಸ್ತಮಾನ' ಕಾದಂಬರಿಯನ್ನು ಅರ್ಧಕ್ಕೇ ಮುಚ್ಚಿಟ್ಟೆ ಅಂತ ಬರೆದಿದ್ದೀಯ. ಕಥೆ ಹಿಡಿಸಲಿಲ್ಲ ಅಂದಿದ್ದರೆ ಸುಮ್ಮನಾಗುತ್ತಿದ್ದೆ. ಆದರೆ ನಿನ್ನ ತಕರಾರು ಬೇರೆ. ಐತಿಹಾಸಿಕ ಕಾದಂಬರಿ ಯಾವುದನ್ನು ಹಿಡಿದರೂ ಹಳೇ ಪದಗಳು ಅಡ್ಡ ಬರುತ್ತವೆ, ಯಾರಾದರೂ ಇವನ್ನೆಲ್ಲ ಈಗಿನ ಕನ್ನಡಕ್ಕೆ ತಿದ್ದಿ ಬರೆಯಬಾರದೇ ಅಂತ ಕೇಳಿ, ಪದಗಳ ಪಟ್ಟಿಯನ್ನೂ ಕಳಿಸಿದ್ದೀಯ. ತಿದ್ದುವುದು ಬೇಡ ಕಣೋ. ಯಾಕೆ ಅಂತ ನಿನ್ನ ಪಟ್ಟಿಯಿಂದಲೇ ಹೇಳುತ್ತೇನೆ.

ಮೊದಲನೆಯದು ದಳವಾಯಿ. ಆ ಜಾಗದಲ್ಲಿ ಸೇನಾಪತಿ ಅಂತ ಹಾಕಿದರೆ ಸಾಕಲ್ವಾ ಅನ್ನುತ್ತೀಯ. ಸಾಲದು. ಸೇನಾಪತಿ ಅಂದರೆ ರಾಜ ಹೇಳಿದ ಕಡೆ ಹೋಗಿ ಯುದ್ಧ ಮಾಡುವವನು ಅಂತ ನಾವು ಅಂದುಕೊಳ್ಳುತ್ತೇವೆ. ದಳವಾಯಿಯ ಕೈಯಲ್ಲಿ ದಂಡು ಇರುತ್ತಿತ್ತು, ಎಷ್ಟೋ ಸಲ ರಾಜನೂ ಇರುತ್ತಿದ್ದ. ಮೈಸೂರಿನಲ್ಲಿ ಕಳಲೆಯ ದೇವರಾಜಯ್ಯ, ನಂಜರಾಜಯ್ಯ ಸೋದರರ ಕಾಲದಲ್ಲಿ ಒಡೆಯರು ಹೆಸರಿಗೆ ಮಾತ್ರ ಒಡೆಯರು. ಚಿತ್ರದುರ್ಗದಲ್ಲಿ ದಳವಾಯಿ ಮುದ್ದಣ್ಣ ಅಲ್ಲಿನ ಅರಸರಾದ ನಾಯಕರನ್ನೇ ಪಟ್ಟಕ್ಕೆ ಏರಿಸಿ ಇಳಿಸಿದ. ದಳವಾಯಿ ಒಳಗೆ ಬಂದ ಅಂತ ಓದಿದ ಕೂಡಲೇ ನಮಗೊಂದು ಅಂಜಿಕೆ ಹುಟ್ಟಬೇಕು. ಸೇನಾಪತಿ ಬಂದ ಅಂದರೆ ಅದು ಹುಟ್ಟುವುದಿಲ್ಲ.

ಹಗೇವು ಪದವನ್ನು ನೀನು ನೋಡೇ ಇಲ್ಲವಂತೆ. ಬಯಲುಸೀಮೆಯವರನ್ನು ಕೇಳು, ಈಗಲೂ ವಯಸ್ಸಾದವರು ಹೇಳುತ್ತಾರೆ. ನೆಲದೊಳಗೆ ತೋಡಿದ ಕಾಳಿನ ಗುಂಡಿ ಅದು. ಮೇಲೆ ಬಾಯಿ ಕಿರಿದು, ಒಳಗೆ ಅಗಲ. ರಾಗಿ, ಜೋಳ ತುಂಬಿ, ಹುಲ್ಲು ಹಾಕಿ, ಮಣ್ಣು ಮೆತ್ತಿ ಮುಚ್ಚಿದರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ತೆಗೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ, ಒಳಗಿನ ಕೆಟ್ಟ ಗಾಳಿ ಹೋಗುವವರೆಗೂ ಕಾಯುತ್ತಿದ್ದರು. ಇದನ್ನು ಉಗ್ರಾಣ ಅಂತ ತಿದ್ದಿದರೆ ಮುತ್ತಿಗೆಯ ಅಧ್ಯಾಯವೇ ಸಡಿಲವಾಗುತ್ತದೆ. ದಾಳಿ ಮಾಡುವವರ ಕಣ್ಣಿಗೆ ಉಗ್ರಾಣ ಬೀಳುತ್ತದೆ. ಹಗೇವು ಬೀಳುವುದಿಲ್ಲ. ತಿಂಗಳುಗಟ್ಟಲೆ ಹೊರಗಿಂದ ಕಾಳು ಬರದಿದ್ದರೂ ಒಂದು ಕೋಟೆ ಹೇಗೆ ಬಗ್ಗದೆ ನಿಂತಿತು ಅನ್ನುವುದಕ್ಕೆ ಅರ್ಧ ಉತ್ತರ ಇಂಥ ಗುಂಡಿಗಳಲ್ಲಿದೆ. ಇನ್ನರ್ಧ ಹೊಂಡಗಳಲ್ಲಿ. ಚಿತ್ರದುರ್ಗದ ಕೋಟೆ ಹತ್ತಿದರೆ ಅಕ್ಕತಂಗಿಯರ ಹೊಂಡ, ಮದ್ದು ಬೀಸುವ ದೊಡ್ಡ ಕಲ್ಲುಗಳು, ಟಂಕಸಾಲೆ ಎಲ್ಲ ಇವತ್ತಿಗೂ ಇವೆ. ಅಲ್ಲಿ ಮದ್ದು ಅಂದರೆ ಔಷಧಿಯಲ್ಲ, ತುಪಾಕಿಗೆ ಹಾಕುವ ಪುಡಿ. ಹೋದಾಗ ನೋಡು.

ಬತೇರಿ ನಿನಗೆ ಗೊತ್ತು, ಗೊತ್ತಿಲ್ಲ ಅಂದುಕೊಂಡಿದ್ದೀಯ ಅಷ್ಟೆ. ಮಂಗಳೂರಿನ ಸುಲ್ತಾನ್ ಬತ್ತೇರಿ ನೋಡಿದ್ದೀಯಲ್ಲ, ಅದೇ, ಕಾವಲಿನ ಬುರುಜು.

ನನಗೆ ಜಾಸ್ತಿ ಖುಷಿ ಕೊಡುವುದು ಅರ್ಥ ಬದಲಿಸಿಕೊಂಡು ನಮ್ಮ ನಡುವೆಯೇ ಓಡಾಡುತ್ತಿರುವ ಪದಗಳು. 'ಬದಲಾವಣೆಯ ಹರಿಕಾರ' ಅಂತ ಇವತ್ತು ಎಲ್ಲ ಸನ್ಮಾನದ ಭಾಷಣದಲ್ಲೂ ಕೇಳುತ್ತೇವೆ. ಹದಿನೆಂಟನೆಯ ಶತಮಾನದ ಹರಿಕಾರ ಸುದ್ದಿ ಹೊತ್ತು ಓಡುವ ಆಳು. ಶತ್ರುವಿನ ಪಾಳೆಯದ ಗುಟ್ಟನ್ನೂ ಅವನೇ ತರಬೇಕಿತ್ತು. ಆಗಿನ ವಕೀಲ ಕೋರ್ಟಿನವನಲ್ಲ, ಒಂದು ರಾಜ್ಯದ ಪರವಾಗಿ ಇನ್ನೊಂದರ ದರಬಾರಿನಲ್ಲಿ ಕೂತು ಮಾತಾಡುವವನು. ಲಗ್ಗೆಯನ್ನು ನಾವು ಕ್ರೀಡಾಪುಟದಲ್ಲಿ ಓದುತ್ತೇವೆ, ಯಾವುದೋ ತಂಡ ಸೆಮಿಫೈನಲ್‌ಗೆ ಲಗ್ಗೆ ಇಟ್ಟಿತು ಅಂತ. ಕಾದಂಬರಿಯಲ್ಲಿ ಲಗ್ಗೆ ಅಂದರೆ ಏಣಿ ಹಾಕಿ ಕೋಟೆಗೋಡೆ ಹತ್ತುವುದು, ಮೇಲಿಂದ ಬೀಳುವ ಕಲ್ಲು, ಕುದಿಯುವ ಎಣ್ಣೆ.

ಇವೆಲ್ಲದರಲ್ಲಿ ಕಂದಾಚಾರದ ಕಥೆ ವಿಚಿತ್ರ. ಈಗ ಅದು ಬೈಗುಳ. ಕುರುಡು ಸಂಪ್ರದಾಯಕ್ಕೆ ಕಂದಾಚಾರ ಅನ್ನುತ್ತೇವೆ. ಹಳೇ ಮೈಸೂರಿನಲ್ಲಿ ಅದು ಸರ್ಕಾರದ ಒಂದು ಇಲಾಖೆ. ಚಿಕ್ಕದೇವರಾಜ ಒಡೆಯರು (ಆಳಿದ್ದು 1673ರಿಂದ 1704) ಆಡಳಿತವನ್ನು ಹದಿನೆಂಟು ಚಾವಡಿಗಳಾಗಿ ಹಂಚಿದರು. ಅದೇ ಅಠಾರ ಕಚೇರಿ. ಅದರಲ್ಲಿ ಕಂದಾಚಾರದ ಚಾವಡಿಯದು ದಂಡಿನ ಲೆಕ್ಕಪತ್ರ. 'ಕಂದಾಚಾರದವರು ಬಂದರು' ಅಂತ ಎಲ್ಲಾದರೂ ಓದಿದರೆ ಮಡಿ ಉಟ್ಟವರನ್ನು ನೆನೆಯಬೇಡ.

ಇನ್ನೊಂದು ಮಾತು. ಇದರಲ್ಲಿ ಅರ್ಧಕ್ಕರ್ಧ ಪಾರಸಿ ಪದಗಳು, ಅಚ್ಚಗನ್ನಡ ಎಲ್ಲಿದೆ ಅಂತಲೂ ಕೇಳಿದ್ದೀಯ. ಇರಲೇಬೇಕಲ್ಲ! ಬಿಜಾಪುರದ ಆದಿಲ್‌ಶಾಹಿಗಳು ಬಂದರು, ಮೊಗಲರು ಬಂದು ಶಿರಾದಲ್ಲಿ ಸುಬೇದಾರನನ್ನು ಕೂರಿಸಿದರು, ಮರಾಠರು ಬಂದರು, ಹೈದರಾಲಿ ಬಂದ. ಫೌಜು, ಕಿಲ್ಲೇದಾರ, ಖಜಾನೆ, ಜಹಗೀರು, ನಜರು ಎಲ್ಲ ಅವರ ಜೊತೆ ಬಂದವು. 1779ರಲ್ಲಿ ಹೈದರನಿಗೆ ದುರ್ಗ ಬಿದ್ದಾಗ ಅಲ್ಲಿನ ಕೊನೆಯ ಅರಸ ಮದಕರಿ ನಾಯಕನ ಸುತ್ತಲಿದ್ದವರು ಈ ಪದಗಳನ್ನು ಬಾಯಲ್ಲಿ ಆಡುತ್ತಿದ್ದರು. ಅವರ ಬಾಯಿಗೆ ಪಂಪನ ಕಾಲದ ಕನ್ನಡ ತುರುಕಿದರೆ ಅದೇ ಸುಳ್ಳು. ನಮ್ಮ ತಹಸೀಲ್ದಾರ್, ಶಿರಸ್ತೇದಾರ್, ಹವಾಲ್ದಾರ್ ಎಲ್ಲ ಅಲ್ಲಿಂದಲೇ ಬಂದವರು. ಅವರನ್ನು ಕಂಡು ನೀನು ತಬ್ಬಿಬ್ಬಾಗುವುದಿಲ್ಲವಲ್ಲ.

ಹಾಗಂತ ಹಳೆಯದೆಲ್ಲವನ್ನೂ ನಾನು ವಹಿಸಿಕೊಳ್ಳುವುದಿಲ್ಲ. ಕೆಲವು ಐತಿಹಾಸಿಕ ಕಾದಂಬರಿಗಳಲ್ಲಿ ರಾಜನೂ ಅಡುಗೆಯವನೂ ಕುದುರೆ ಕಾಯುವವನೂ ಒಂದೇ ನಾಟಕದ ಭಾಷೆ ಆಡುತ್ತಾರೆ. ಮಾತಿಗೆ ಮೊದಲು 'ಎಲೈ', ಕೊನೆಗೆ ಉದ್ದನೆಯ ಸಮಾಸ. ಅಂಥ ಪುಟ ಹಾರಿಸಿದರೆ ಏನೂ ನಷ್ಟವಿಲ್ಲ. ಅದು ಯಾವ ಕಾಲದ ಮಾತೂ ಅಲ್ಲ. ದಳವಾಯಿ, ಹಗೇವು, ಹರಿಕಾರ ಹಾಗಲ್ಲ. ಅವು ಜನ ಮಾಡುತ್ತಿದ್ದ ಕೆಲಸದಿಂದ ಬಂದವು. ಆ ಕೆಲಸಗಳು ಈಗಿಲ್ಲ. ಕಾದಂಬರಿಯಿಂದಲೂ ಪದಗಳನ್ನು ಕಿತ್ತು ಹಾಕಿದರೆ, ಹಾಗೆ ಬದುಕುತ್ತಿದ್ದವರು ಇದ್ದರು ಅನ್ನುವುದೂ ಮರೆತುಹೋಗುತ್ತದೆ ಅನ್ನುವ ಹೆದರಿಕೆ ನನಗೆ ನಿಜವಾಗಿಯೂ ಇದೆ.

ತ.ರಾ.ಸು. ಅವರ ಮನೆತನ ಚಳ್ಳಕೆರೆ ತಾಲ್ಲೂಕಿನ ತಳುಕಿನದು. ದುರ್ಗದ ಸೀಮೆಯ ಮಾತು ಅವರಿಗೆ ಹುಡುಕಿ ತರುವಂಥದ್ದಾಗಿರಲಿಲ್ಲ. ಅವರನ್ನು ನಂಬಿ ಓದು. ಪ್ರತಿ ಪದಕ್ಕೂ ನಿಘಂಟು ತೆಗೆಯಬೇಡ, ಅದರಿಂದಲೇ ನಿನಗೆ ಸಾಕಾಗಿರುವುದು. ಒಂದು ಪದ ಮೂರ್ನಾಲ್ಕು ಸಲ ಬರಲಿ, ಯಾರು ಹೇಳಿದರು, ಕೇಳಿದವನು ಏನು ಮಾಡಿದ ಅನ್ನುವುದರಿಂದಲೇ ತಿಳಿಯುತ್ತದೆ. ಆಗಲೂ ತಿಳಿಯದೆ ಉಳಿದರೆ ಗುರುತು ಹಾಕಿಟ್ಟು, ಅಧ್ಯಾಯ ಮುಗಿದ ಮೇಲೆ ನೋಡು. ಕಿಟೆಲ್ ಅವರ 1894ರ ನಿಘಂಟು ಇಂಥದ್ದಕ್ಕೆ ಇಂದಿಗೂ ಉಪಯೋಗಕ್ಕೆ ಬರುತ್ತದೆ.

ನಿಮ್ಮ ದೊಡ್ಡಮ್ಮನವರ ಊರು ಹೊಸದುರ್ಗದ ಕಡೆ ಅಲ್ವಾ? ಅಲ್ಲಿ ಹಗೇವು ತೆಗೆದದ್ದನ್ನು ಅವರು ನೋಡಿದ್ದಾರಾ, ಅದರ ಬಾಯಿಗೆ, ಮುಚ್ಚುವ ಕಲ್ಲಿಗೆ ಬೇರೆ ಹೆಸರು ಇತ್ತಾ ಅಂತ ಕೇಳಿ ಬರೆ. ಅವರಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ಗೆಳೆಯ