ಸಾಫ್ಟ್‌ವೇರ್ ಕೊಟ್ಟ ಮೊದಲ ಹೆಸರೇ ವರದಿಯಾಗದಿರಲಿ

ಸಂಪಾದಕರಿಗೆ,

ಮಾನ್ಯರೇ,

ಸಕಲೇಶಪುರ, ಮೂಡಿಗೆರೆ ಕಡೆಯ ಕಾಫಿ ಬೆಳೆಗಾರರು ಗೊಬ್ಬರಕ್ಕೆ, ರೋಗ ತಡೆಯಲು ಗಿಡಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದ ಮೈಲುತುತ್ತ-ಸುಣ್ಣಕ್ಕೆ ಪ್ರತಿ ವರ್ಷ ದೊಡ್ಡ ಮೊತ್ತ ಸುರಿಯುತ್ತಾರೆ. ಅನುಮಾನ ಬಂದ ಚೀಲದಿಂದ ಒಂದು ಹಿಡಿ ಪುಡಿಯನ್ನು ಲ್ಯಾಬ್‌ಗೆ ಕೊಟ್ಟರೆ ಇನ್‌ಫ್ರಾರೆಡ್ ಯಂತ್ರ ಕೆಲವೇ ನಿಮಿಷದಲ್ಲಿ ಅದರ ರೋಹಿತ (ಪುಡಿ ಯಾವ ಕಿರಣವನ್ನು ಎಷ್ಟು ಹೀರಿತು ಎಂದು ತೋರಿಸುವ ಗೆರೆಚಿತ್ರ) ತೆಗೆಯುತ್ತದೆ. ಕಂಪ್ಯೂಟರ್ ಅದನ್ನು ತನ್ನ ಸಂಗ್ರಹದಲ್ಲಿರುವ ರೋಹಿತಗಳ ಜತೆ ಹೋಲಿಸಿ ‘ಯೂರಿಯಾ, ಹೊಂದಿಕೆ 96’ ಎನ್ನುತ್ತದೆ. ಈ 96 ಶುದ್ಧತೆಯ ಶೇಕಡಾವಾರು ಅಲ್ಲ. ಎರಡು ಗೆರೆಗಳ ಆಕಾರ ಎಷ್ಟು ಹೋಲುತ್ತದೆ ಎಂಬ ಅಂಕಿ, ಅಷ್ಟೆ.

ಯೂರಿಯಾದಲ್ಲಿ ಕಾಲು ಪಾಲು ಅಡುಗೆ ಉಪ್ಪು ಬೆರೆಸಿದರೂ ಈ ಅಂಕಿ ಹೆಚ್ಚೇನೂ ಇಳಿಯದು. ಯಂತ್ರ ಓದುವ 4000ರಿಂದ 400ರವರೆಗಿನ ತರಂಗಸಂಖ್ಯೆಯಲ್ಲಿ (ಒಂದು ಸೆಂಟಿಮೀಟರಿನಲ್ಲಿ ಹಿಡಿಯುವ ಅಲೆಗಳ ಎಣಿಕೆ; ಮುಂದೆ ಹೇಳುವ ಶೃಂಗಗಳ ಅಂಕಿಗಳೂ ಇವೇ) ಉಪ್ಪಾಗಲಿ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಆಗಲಿ ಕಿರಣವನ್ನು ಹೀರುವುದೇ ಇಲ್ಲ. ಇಂಥದ್ದಕ್ಕೆ ಹಳೆಯ ಪರೀಕ್ಷೆಯೇ ಗತಿ: ಬಟ್ಟಿ ಇಳಿಸಿದ ನೀರಿನಲ್ಲಿ ಪುಡಿ ಕರಗಿಸಿ, ನೈಟ್ರಿಕ್ ಆಮ್ಲದ ಜತೆ ಸಿಲ್ವರ್ ನೈಟ್ರೇಟ್ ಎರಡು ಹನಿ ಬಿಟ್ಟಾಗ, ಉಪ್ಪೋ ಪೊಟ್ಯಾಷೋ ಇದ್ದರೆ ಮೊಸರಿನಂಥ ಬಿಳಿ ಗಸಿ ಕಟ್ಟುತ್ತದೆ. ಜಿಂಕ್ ಸಲ್ಫೇಟಿಗೆ ಮೆಗ್ನೀಸಿಯಂ ಸಲ್ಫೇಟ್ ಬೆರೆಸಿದಾಗಲೂ ಯಂತ್ರವನ್ನು ನಂಬುವಂತಿಲ್ಲ. ಎರಡರಲ್ಲೂ ಸಲ್ಫೇಟಿನ ಅಗಲ ಶೃಂಗ (ಗೆರೆ ಮೇಲೆದ್ದ ತುದಿ) 1100ರ ಆಸುಪಾಸಿನಲ್ಲೇ ಬರುತ್ತದೆ. ಲೋಹವನ್ನು ಬೇರೆಯಾಗಿಯೇ ಅಳೆಯಬೇಕು.

ಸುಣ್ಣದ ವಿಷಯದಲ್ಲಿ ಮಾತ್ರ ಯಂತ್ರ ಬಹಳ ಉಪಕಾರಿ. ಅರಳಿದ ಒಳ್ಳೆಯ ಸುಣ್ಣಕ್ಕೆ 3640ರಲ್ಲಿ ಸೂಜಿಯಂಥ ಶೃಂಗವಿರುತ್ತದೆ. ಗಾಳಿಗೆ ಬಿದ್ದು ಹಳತಾದದ್ದರಲ್ಲಿ ಅದು ಕುಗ್ಗಿ, 1420ರಲ್ಲಿ ಅಗಲದ್ದೂ 875ರಲ್ಲಿ ಚೂಪಾದದ್ದೂ ಏಳುತ್ತವೆ. ಅದು ಕಾರ್ಬೊನೇಟ್ ಆದ ಸುಣ್ಣ. 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣದ ಲೆಕ್ಕ ಇಂಥದ್ದರಲ್ಲಿ ಕೆಡುತ್ತದೆ. ತಾಮ್ರ ಕರಗಿದ ರೂಪದಲ್ಲೇ ಉಳಿದು ಎಲೆ ಸುಡುತ್ತದೆ.

ಇನ್ನು ಮಿಶ್ರಣ ಬಿಡಿಸುವ ಕೆಲಸ. ಚೀಲದ ಮೇಲೆ, ನಡುವೆ, ತಳ ಮೂರೂ ಕಡೆಯಿಂದ ಪುಡಿ ತೆಗೆದು ಬೆರೆಸಿ ನುಣ್ಣಗೆ ಅರೆಯಬೇಕು. ಎಟಿಆರ್ (ಪುಡಿಯನ್ನು ವಜ್ರಕ್ಕೆ ಒತ್ತಿ ಓದುವ) ಯಂತ್ರದ ವಜ್ರದ ಮೇಲೆ ಕೂರುವುದು ಕೆಲವೇ ಮಿಲಿಗ್ರಾಂ. ಕಾಳು ದಪ್ಪಗಿದ್ದರೆ ಆ ಕಾಳಿನ ಉತ್ತರ ಸಿಗುತ್ತದೆ, ಚೀಲದ್ದಲ್ಲ. ವಜ್ರವನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಪೂರ್ತಿ ಒಣಗಿದ ಮೇಲೆ ಪುಡಿ ಇಡದೆ ಖಾಲಿ ಓದು ತೆಗೆಯಬೇಕು. ಯಂತ್ರದ ಅಂಕಿ ಸರಿಯಿದೆಯೇ ತಿಳಿಯಲು ಪಾಲಿಸ್ಟೈರೀನ್ ಹಾಳೆಯ ಶೃಂಗ 1601ರಲ್ಲೇ ಬೀಳುತ್ತಿದೆಯೇ ನೋಡಬೇಕು. ಸಂಗ್ರಹದ ರೋಹಿತಗಳು ಬಿಲ್ಲೆ ವಿಧಾನದವಾದರೆ (ಪುಡಿಯನ್ನು ಪೊಟ್ಯಾಸಿಯಂ ಬ್ರೋಮೈಡ್ ಜತೆ ಒತ್ತಿ ಬಿಲ್ಲೆ ಮಾಡಿ ಓದಿದ್ದು) ಎಟಿಆರ್ ತಿದ್ದುಪಡಿ ಹಾಕದೆ ಹೋಲಿಸಬಾರದು.

ಮೊದಲ ಹೆಸರು ಬಂದ ಮೇಲೆ ಅದರ ಶುದ್ಧ ರೋಹಿತವನ್ನು, ಬೇರಾವುದರ ಜತೆಗೂ ಕೂಡದ ಒಂದು ಶೃಂಗ ನೆಲಕ್ಕೆ ಸಮವಾಗುವವರೆಗೆ ಮಾದರಿಯಿಂದ ಕಳೆಯಿರಿ. ಗುಂಡಿ ಬಿದ್ದರೆ ಹೆಚ್ಚು ಕಳೆದಿದ್ದೀರಿ ಎಂದರ್ಥ. ಉಳಿದ ಗೆರೆಯನ್ನು ಮತ್ತೆ ಹುಡುಕಿಸಿ. ಮೂರನೇ ಸುತ್ತಿಗೆ ಸಾಮಾನ್ಯವಾಗಿ ಉಳಿಯುವುದು ತೇವ, 2350ರಲ್ಲಿ ಕಾಣುವ ಗಾಳಿಯ ಕಾರ್ಬನ್ ಡೈಆಕ್ಸೈಡ್, ಯಂತ್ರದಿಂದಲೇ ಗೆರೆಯಲ್ಲಿ ಏಳುವ ಸಣ್ಣ ಏರಿಳಿತ (ನಾಯ್ಸ್). ಅದಕ್ಕೂ ಸಾಫ್ಟ್‌ವೇರ್ ಒಂದು ಹೆಸರು ಕೊಟ್ಟೇ ಕೊಡುತ್ತದೆ! ಸಿಕ್ಕ ಹೆಸರುಗಳ ಶುದ್ಧ ಪುಡಿಗಳನ್ನು ತೂಗಿ ಬೆರೆಸಿ ಅದೇ ಯಂತ್ರದಲ್ಲಿ ಓದಿದಾಗ ಎರಡೂ ಗೆರೆ ಒಂದರ ಮೇಲೊಂದು ಕೂತರೆ ಮಾತ್ರ ವರದಿ ಬರೆಯಬೇಕು.

ನಮ್ಮ ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಲ್ಯಾಬ್‌ಗಳಲ್ಲಿ ನಮ್ಮ ಕೋರಿಕೆ ಇಷ್ಟು: ಬೆಳೆಗಾರರಿಗೆ ಬರೀ ಹೆಸರು, ಅಂಕಿ ಕೊಡಬೇಡಿ. ಮಾದರಿಯ ರೋಹಿತ, ಕಳೆದ ಮೇಲೆ ಉಳಿದ ಗೆರೆ ಎರಡನ್ನೂ ಮುದ್ರಿಸಿ ಲಗತ್ತಿಸಿ. ‘ಉಪ್ಪು, ಪೊಟ್ಯಾಷ್ ಈ ಪರೀಕ್ಷೆಯಲ್ಲಿ ಕಾಣುವುದಿಲ್ಲ’ ಎಂಬ ಸಾಲನ್ನು ಕನ್ನಡದಲ್ಲೇ ಬರೆಯಿರಿ.

– ರಸಾಯನಶಾಸ್ತ್ರ ಅಧ್ಯಾಪಕರು, ಹಾಸನ