ಜ್ವರ ಯಾರ ಕೆಲಸ?

ಆತ್ಮೀಯರೇ,

ದೀಪಾವಳಿ, ರಾಜ್ಯೋತ್ಸವಕ್ಕೆ ಹಾಲ್ ಬುಕ್ ಆಗಿದೆ. ಮಕ್ಕಳ ನಾಟಕದ ರಿಹರ್ಸಲ್ ನಡೆದಿದೆ. ಊರಿಂದ ಅಪ್ಪ ಅಮ್ಮಂದಿರು ಬಂದಿಳಿಯುತ್ತಿದ್ದಾರೆ. ಚಳಿಗೆ ಕಿಟಕಿ ಮುಚ್ಚಿ ಎಲ್ಲರೂ ಒಟ್ಟಿಗೆ ಕೂತು ಊಟ ಮಾಡುವ ಈ ತಿಂಗಳುಗಳಲ್ಲೇ ಫ್ಲೂ ಮತ್ತು ಆರ್‌ಎಸ್‌ವಿ (ಉಸಿರಾಟದ ಅಂಗಗಳಿಗೆ ತಗಲುವ ಇನ್ನೊಂದು ವೈರಸ್) ಜಾಸ್ತಿ ಆಗುವುದು. ವೈರಸ್ ಒಳಗೆ ಹೊಕ್ಕಾಗ ನಮ್ಮ ಮೈ ಏನು ಮಾಡುತ್ತದೆ ಅಂತ ಈ ಸಲ ಬರೆಯೋಣ ಅನ್ನಿಸಿತು. ಅದನ್ನು ಅರಿಯುವ ಒಂದು ದೊಡ್ಡ ಹೆಜ್ಜೆ ಇಟ್ಟಿದ್ದು ನಮ್ಮ ಲಂಡನ್‌ನಲ್ಲೇ.

ಉತ್ತರ ಲಂಡನ್‌ನ ಮಿಲ್ ಹಿಲ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಸಂಸ್ಥೆ ಇತ್ತು. ಅಲ್ಲಿ ಸ್ಕಾಟ್ಲೆಂಡಿನ ಅಲಿಕ್ ಐಸಾಕ್ಸ್ ಮತ್ತು ಸ್ವಿಟ್ಜರ್ಲೆಂಡಿನಿಂದ ಬಂದಿದ್ದ ಜೀನ್ ಲಿಂಡೆನ್‌ಮನ್ ಫ್ಲೂ ವೈರಸ್ಸನ್ನು ಬಿಸಿ ಮಾಡಿ ನಿಷ್ಕ್ರಿಯಗೊಳಿಸಿ, ಕೋಳಿಮೊಟ್ಟೆಯೊಳಗಿನ ತೆಳು ಪೊರೆಯ ತುಂಡುಗಳ ಜೊತೆ ಇಟ್ಟರು. ಆಮೇಲೆ ಪೊರೆಯನ್ನು ಚೆನ್ನಾಗಿ ತೊಳೆದು ಹೊಸ ದ್ರವದಲ್ಲಿ ಬಿಟ್ಟರು. ಕೊನೆಗೆ ಆ ದ್ರವವನ್ನಷ್ಟೇ ತೆಗೆದು ಬೇರೆ ಪೊರೆಗೆ ಹಾಕಿದರು. ಅದರ ಮೇಲೆ ಜೀವಂತ ವೈರಸ್ ಬಿಟ್ಟರೂ ಅದಕ್ಕೆ ಬೆಳೆಯಲು ಆಗಲಿಲ್ಲ. ಅಂದರೆ ಮೊದಲ ಪೊರೆಯ ಜೀವಕೋಶಗಳು ಏನನ್ನೋ ಹೊರಗೆ ಬಿಟ್ಟಿದ್ದವು. 1957ರಲ್ಲಿ ಅವರು ಅದನ್ನು ಇಂಟರ್‌ಫೆರಾನ್ ಅಂತ ಕರೆದರು.

ಫ್ಲೂ ವೈರಸ್‌ನ ಒಳಗಿರುವುದು ಆರ್‌ಎನ್‌ಎಯ, ಅಂದರೆ ಅದರ ಜೀನ್‌ಗಳನ್ನು ಹೊತ್ತ ಅಣುವಿನ, 8 ತುಂಡುಗಳು. ಅವುಗಳ ತುದಿ ನಮ್ಮ ಆರ್‌ಎನ್‌ಎ ತುದಿಯ ಹಾಗಿಲ್ಲ. ಜೀವಕೋಶದಲ್ಲಿರುವ ರಿಗ್-ಐ ಅನ್ನುವ ಪ್ರೋಟೀನ್ ಈ ವ್ಯತ್ಯಾಸವನ್ನು ಹಿಡಿದುಬಿಡುತ್ತದೆ. ಕೂಡಲೇ ಆ ಕೋಶ ಇಂಟರ್‌ಫೆರಾನ್ ಬಿಡುತ್ತದೆ, ಕಳ್ಳ ನುಗ್ಗಿದ ಅಂತ ಅಕ್ಕಪಕ್ಕದ ಮನೆಯವರಿಗೆ ಕೂಗಿ ಹೇಳಿದ ಹಾಗೆ. ಪಕ್ಕದ ಕೋಶಗಳಲ್ಲಿ ನೂರಾರು ಜೀನ್‌ಗಳು ಎಚ್ಚರಗೊಂಡು, ವೈರಸ್ ಬೆಳೆಯುವ ದಾರಿಗಳನ್ನು ಒಂದೊಂದಾಗಿ ಮುಚ್ಚುತ್ತವೆ. ವೈರಸ್ಸೂ ಸುಮ್ನೆ ಕೂರುವುದಿಲ್ಲ. ಎನ್‌ಎಸ್1 ಎಂಬ ಅದರ ಪ್ರೋಟೀನ್ ಇರುವುದೇ ಈ ಇಂಟರ್‌ಫೆರಾನ್ ಹೊರಡದಂತೆ ತಡೆಯಲು. ಮೊದಲ ಒಂದೆರಡು ದಿನ ಯಾರ ಕೈ ಮೇಲಾಗುತ್ತದೆ ಅನ್ನುವುದರ ಮೇಲೆ ಮುಂದಿನದು ಬಹಳಷ್ಟು ನಿಂತಿದೆ.

ಚಳಿ, ಜ್ವರ, ಮೈಕೈ ನೋವು ಬಹುಪಾಲು ವೈರಸ್ ಕೊಟ್ಟಿದ್ದಲ್ಲ. ಇಂಟರ್‌ಫೆರಾನ್ ಮತ್ತು ಅದರ ಜೊತೆಗಿನ ರಾಸಾಯನಿಕಗಳು ತರುವಂಥದ್ದು. ಮಲ್ಟಿಪಲ್ ಸ್ಕ್ಲಿರೋಸಿಸ್ ಎಂಬ ನರಗಳ ಕಾಯಿಲೆಗೆ ಇಂಟರ್‌ಫೆರಾನ್ ಸೂಜಿ ತೆಗೆದುಕೊಳ್ಳುವ ಅನೇಕರಿಗೆ ಯಾವ ವೈರಸ್ಸೂ ತಗುಲದೆಯೇ ಫ್ಲೂ ಬಂದಂತೆ ಚಳಿ, ಮೈನೋವು ಬರುತ್ತದೆ. ಇದಕ್ಕಿಂತ ಸಾಕ್ಷಿ ಬೇಕಾ?

ಆ ಕೂಗು ಕೇಳಿಸದೇ ಹೋದರೆ ಏನಾಗುತ್ತದೆ ಅನ್ನುವುದು ಕೋವಿಡ್ ಕಾಲದಲ್ಲಿ ಗೊತ್ತಾಯಿತು. 2020ರಲ್ಲಿ ಪ್ರಾಣಾಪಾಯಕ್ಕೆ ಹೋಗಿದ್ದ 987 ರೋಗಿಗಳ ರಕ್ತ ಪರೀಕ್ಷಿಸಿದಾಗ, 101 ಜನರಲ್ಲಿ ತಮ್ಮದೇ ಇಂಟರ್‌ಫೆರಾನ್ ವಿರುದ್ಧ ಪ್ರತಿಕಾಯಗಳಿದ್ದವು, ಅಂದರೆ ಅದನ್ನು ಹಿಡಿದು ಕಟ್ಟಿಹಾಕುವ ಪ್ರೋಟೀನ್‌ಗಳು. ಅವರಲ್ಲಿ 95 ಮಂದಿ ಗಂಡಸರು. ಓದಿದಾಗ ನನಗೆ ಮೈ ಜುಮ್ಮೆಂದಿತ್ತು. ಆರೋಗ್ಯವಾಗಿದ್ದೇವೆ ಅಂದುಕೊಂಡಿದ್ದವರ ಮೈಯಲ್ಲಿ ಅಷ್ಟು ದೊಡ್ಡ ಕೊರತೆ ಸದ್ದಿಲ್ಲದೆ ಕೂತಿತ್ತು.

ಒಂದೊಂದು ವೈರಸ್ಸನ್ನೇ ಗುರುತಿಟ್ಟು ಹೋರಾಡುವ ಟಿ ಕೋಶಗಳು (ಒಂದು ಬಗೆಯ ಬಿಳಿ ರಕ್ತಕಣ), ಪ್ರತಿಕಾಯಗಳು ಬರುವುದು ನಿಧಾನ. ಹೊಸ ವೈರಸ್ ಆದರೆ ಹೆಚ್ಚುಕಡಿಮೆ ಒಂದು ವಾರ ಬೇಕು. ಲಸಿಕೆ ಹಾಕಿಸಿಕೊಂಡರೂ ಸುಮಾರು ಎರಡು ವಾರ ಕಾಯಬೇಕು. ಅದಕ್ಕೇ ಕಾರ್ಯಕ್ರಮದ ಹಿಂದಿನ ದಿನ ಓಡಿದರೆ ಪ್ರಯೋಜನವಿಲ್ಲ, ಈಗಲೇ ಹಾಕಿಸಿ. ಫ್ಲೂ ಸೂಜಿ 65 ದಾಟಿದವರಿಗೆ ಉಚಿತ. ಆರ್‌ಎಸ್‌ವಿ ಲಸಿಕೆ ಇಂಗ್ಲೆಂಡಿನಲ್ಲಿ 2024ರ ಸೆಪ್ಟೆಂಬರ್‌ನಲ್ಲಿ 75ರಿಂದ 79 ವಯಸ್ಸಿನವರಿಗೂ, 28 ವಾರ ತುಂಬಿದ ಗರ್ಭಿಣಿಯರಿಗೂ ಶುರುವಾಯಿತು. ವೀಸಾ ಮೇಲೆ ಬಂದಿರುವ ಅಪ್ಪ ಅಮ್ಮನಿಗೆ ಫಾರ್ಮಸಿಯಲ್ಲಿ ದುಡ್ಡು ಕೊಟ್ಟಾದರೂ ಫ್ಲೂ ಸೂಜಿ ಹಾಕಿಸಿ.

ಸೂಟ್‌ಕೇಸಿನಲ್ಲಿ ಬಂದಿರುವ ಆಂಟಿಬಯಾಟಿಕ್ ಸ್ಟ್ರಿಪ್‌ಗೆ ದಯವಿಟ್ಟು ಕೈ ಹಾಕಬೇಡಿ. ಅದು ಬ್ಯಾಕ್ಟೀರಿಯಾಕ್ಕೆ. ವೈರಸ್‌ಗೆ ಅದರಿಂದ ಏನೂ ಆಗದು.

ಇನ್ನೊಂದು ಮಾತು ಹಿರಿಯರ ಬಗ್ಗೆ. ವಯಸ್ಸಾದಂತೆ ಇಂಟರ್‌ಫೆರಾನ್ ಏಳುವುದೂ ಮಂದವಾಗುತ್ತದೆ, ಜ್ವರ ಕಾಣಿಸಿಕೊಳ್ಳದೆಯೂ ಇರಬಹುದು. ಹಣೆ ಮುಟ್ಟಿ ನೋಡಿ "ಬಿಸಿ ಇಲ್ಲ, ಪರವಾಗಿಲ್ಲ" ಅಂತ ಬಿಡಬೇಡಿ. ಊಟ ಬಿಟ್ಟರೆ, ಎರಡು ಮೆಟ್ಟಿಲಿಗೇ ಏದುಸಿರು ಬಂದರೆ ಆರೋಗ್ಯ ಸಲಹೆಯ 111ಕ್ಕೆ ಫೋನ್ ಮಾಡಿ. ಇದ್ದಕ್ಕಿದ್ದಂತೆ ಮಾತು ತಡವರಿಸಿದರೆ, ಕೂತಲ್ಲೇ ಉಸಿರಾಡಲು ಒದ್ದಾಡುತ್ತಿದ್ದರೆ ನೇರ ತುರ್ತು ಸೇವೆಯ 999ಕ್ಕೆ.

ಸಂಪಾದಕರು