55 ಕೇಳಿದವರಿಗೆ ಇನ್ನು 52: ನಮ್ಮ ಗಟ್ಟಿಂಗ್ ಮೆಷಿನ್ ಬದಲಾಗಿದೆ

ಪ್ರೀತಿಯ ಗ್ರಾಹಕರೇ,

ನಮಸ್ಕಾರ. ಮುಂದಿನ ತಿಂಗಳಿನಿಂದ ನಿಮ್ಮ ಟೆನಿಸ್ ರಾಕೆಟ್‌ಗಳಿಗೆ ಹೊಸ ಮೆಷಿನ್‌ನಲ್ಲಿ ಗಟ್ಟಿಂಗ್ ಹಾಕುತ್ತೇವೆ, ಅಂದರೆ ಸ್ಟ್ರಿಂಗ್ ಎಳೆದು ಹೆಣೆಯುತ್ತೇವೆ. ಕೈಯಲ್ಲಿ ಹಿಡಿಕೆ ತಿರುಗಿಸುವ ಹಳೇ ಮೆಷಿನ್ ಮೂಲೆ ಸೇರಿದೆ. ಅದರ ಜಾಗಕ್ಕೆ ಎಲೆಕ್ಟ್ರಾನಿಕ್ ಮೆಷಿನ್ ಬಂದಿದೆ.

ಮೆಷಿನ್ ಯಾವುದಾದರೆ ನಮಗೇನು, ಕೇಳಿದ ಟೆನ್ಷನ್ (ಸ್ಟ್ರಿಂಗ್ ಎಳೆಯುವ ಬಿಗಿ, ಪೌಂಡ್ ಲೆಕ್ಕದಲ್ಲಿ) ಹಾಕಿಕೊಟ್ಟರೆ ಸಾಕಲ್ವಾ ಅಂತ ನಿಮಗೆ ಅನ್ನಿಸಬಹುದು. ತೊಡಕು ಇರುವುದು ಅಲ್ಲೇ. ಇಷ್ಟು ದಿನ ಹೇಳುತ್ತಿದ್ದ ನಂಬರನ್ನೇ ಹೊಸ ಮೆಷಿನ್‌ಗೆ ಹಾಕಿದರೆ ರಾಕೆಟ್ ಮೊದಲಿಗಿಂತ ಬಿಗಿಯಾಗಿ ಬರುತ್ತದೆ. ಆದ್ದರಿಂದ 55 ಪೌಂಡ್ ಬರೆಸುತ್ತಿದ್ದವರಿಗೆ ನಾವು 52ರಿಂದ ಶುರು ಮಾಡುತ್ತೇವೆ. ರಾಕೆಟ್ ಜೊತೆ ಕೊಡುವ ಚೀಟಿಯಲ್ಲಿ 52 ನೋಡಿ, ಸಡಿಲ ಹಾಕಿಬಿಟ್ಟರು ಅಂತ ಗಾಬರಿಯಾಗಬೇಡಿ. ನಿಮ್ಮ ಕೈಗೆ ಹಳೇ 55ರ ಹತ್ತಿರವೇ ಸಿಗಲಿ ಅಂತಲೇ ಹೀಗೆ ಮಾಡುತ್ತಿದ್ದೇವೆ.

ಎರಡೂ ಮೆಷಿನ್ ಎಳೆಯುವ ರೀತಿ ಬೇರೆ. ಹಳೆಯದರಲ್ಲಿ ಹಿಡಿಕೆ ತಿರುಗಿಸುತ್ತಾ ಹೋದರೆ ಸ್ಟ್ರಿಂಗ್ ಬಿಗಿಯಾಗುತ್ತಾ ಬರುತ್ತದೆ. 55 ಮುಟ್ಟಿದ ಕೂಡಲೇ ಟಕ್ ಅಂತ ಲಾಕ್ ಆಗುತ್ತದೆ. ಅಲ್ಲಿಗೆ ಮೆಷಿನ್ ಕೆಲಸ ಮುಗಿಯಿತು. ಆದರೆ ಸ್ಟ್ರಿಂಗ್ ಸುಮ್ನೆ ಇರುವುದಿಲ್ಲ. ಎಳೆದು ಹಿಡಿದ ಪ್ಲಾಸ್ಟಿಕ್ ಒಳಗೊಳಗೇ ಸಡಿಲವಾಗುತ್ತಲೇ ಇರುತ್ತದೆ. ಎಳೆದ ಸ್ಟ್ರಿಂಗ್ ಜಾರದಂತೆ ಕಚ್ಚಿ ಹಿಡಿಯುವ ಕ್ಲಾಂಪನ್ನು ನಾವು ಹಾಕುವಷ್ಟರಲ್ಲಿ ಟೆನ್ಷನ್ ಒಂದಷ್ಟು ಇಳಿದಿರುತ್ತದೆ. ಎಷ್ಟು ಇಳಿಯಿತು ಅನ್ನುವುದು ಹಿಡಿಕೆ ತಿರುಗಿಸಿದ ವೇಗವನ್ನೂ ಕ್ಲಾಂಪ್ ಹಾಕಲು ತೆಗೆದುಕೊಂಡ ಹೊತ್ತನ್ನೂ ಅವಲಂಬಿಸಿದೆ. ಅಂದರೆ ಆ ದಿನ ಮೆಷಿನ್ ಮುಂದೆ ನಿಂತವರು ಯಾರು ಅನ್ನುವುದೂ ನಿಮ್ಮ ರಾಕೆಟ್ ಒಳಗೆ ಸೇರಿಹೋಗುತ್ತಿತ್ತು.

ಹೊಸ ಮೆಷಿನ್ ಹಾಗೆ ಬಿಡುವುದಿಲ್ಲ. 52 ಮುಟ್ಟಿದ ಮೇಲೆ ಮೋಟಾರ್ ನಿಲ್ಲುತ್ತದೆ. ಅರೆಗಳಿಗೆ ಬಿಟ್ಟು ಮತ್ತೆ ಗುರ್ ಅಂತ ಒಂದಿಷ್ಟೇ ಇಷ್ಟು ಎಳೆಯುತ್ತದೆ. ಮತ್ತೆ ನಿಂತು, ಮತ್ತೆ ಎಳೆಯುತ್ತದೆ. ಪಾಲಿಯೆಸ್ಟರ್ ಸ್ಟ್ರಿಂಗ್ ಹಾಕುವಾಗ ಪಕ್ಕದಲ್ಲಿ ನಿಂತರೆ ಇದು ಕಿವಿಗೇ ಗೊತ್ತಾಗುತ್ತದೆ. ಸ್ಟ್ರಿಂಗ್ ಸಡಿಲ ಬಿಟ್ಟಷ್ಟನ್ನೂ ಕ್ಲಾಂಪ್ ಬೀಳುವವರೆಗೆ ಅದು ಎಳೆದುಕೊಳ್ಳುತ್ತಲೇ ಇರುತ್ತದೆ. ನಾವು ಇದನ್ನು ತರಿಸಿದ್ದೇ ಇದಕ್ಕಾಗಿ. ಯಾರ ಕೈ ಆದರೂ ರಾಕೆಟ್ ಹೆಚ್ಚುಕಡಿಮೆ ಒಂದೇ ತರ ಬರಬೇಕು.

ಎಲ್ಲ ಸ್ಟ್ರಿಂಗ್‌ಗೂ 3 ಪೌಂಡ್ ಇಳಿಸುವುದಿಲ್ಲ. ನ್ಯಾಚುರಲ್ ಗಟ್, ಅಂದರೆ ಹಸುವಿನ ಕರುಳಿನಿಂದ ಮಾಡಿದ್ದು, ಎಳೆದ ಮೇಲೆ ಬಹಳ ಕಮ್ಮಿ ಸಡಿಲವಾಗುತ್ತದೆ. ಅದಕ್ಕೆ 2 ಇಳಿಸಿದರೆ ಸಾಕು. ಫ್ರಾನ್ಸಿನ ಲಿಯಾನ್‌ನ ಬಾಬೊಲಾ ಕಂಪನಿ ಇದನ್ನು ಮಾಡಲು ಶುರುಮಾಡಿದ್ದು 1875ರಲ್ಲಿ. ಇವತ್ತಿಗೂ ಟೆನ್ಷನ್ ಹಿಡಿದಿಟ್ಟುಕೊಳ್ಳುವುದರಲ್ಲಿ ಇದನ್ನು ಮೀರಿಸಿದ ಸ್ಟ್ರಿಂಗ್ ಇಲ್ಲ. ನೀರು ತಾಗಿದರೆ ಮಾತ್ರ ಕೆಟ್ಟುಹೋಗುತ್ತದೆ. ಉದ್ದಕ್ಕೆ ಗಟ್, ಅಡ್ಡಕ್ಕೆ ಪಾಲಿಯೆಸ್ಟರ್ ಹಾಕಿಸುವವರಿಗೆ ಎರಡಕ್ಕೂ ಬೇರೆ ಬೇರೆ ಲೆಕ್ಕ ಹಾಕುತ್ತೇವೆ. ರೋಜರ್ ಫೆಡರರ್ ವರ್ಷಗಟ್ಟಲೆ ಆಡಿದ್ದು ಈ ಜೋಡಿಯಲ್ಲೇ.

ಇಷ್ಟೆಲ್ಲ ಆದರೂ ಒಂದು ಮಾತು ಹೇಳಲೇಬೇಕು. ಚೀಟಿಯಲ್ಲಿ ಬರೆಯುವುದು ಮೆಷಿನ್ ಎಷ್ಟಕ್ಕೆ ಎಳೆಯಿತು ಅನ್ನುವ ನಂಬರ್. ರಾಕೆಟ್ ಒಳಗೆ ಉಳಿಯುವ ಟೆನ್ಷನ್ ಯಾವತ್ತೂ ಅದಕ್ಕಿಂತ ಕಮ್ಮಿ. ಗಂಟು ಹಾಕುವಲ್ಲಿ ಸ್ವಲ್ಪ ಹೋಗುತ್ತದೆ. ಅಡ್ಡ ಸ್ಟ್ರಿಂಗ್ ಉದ್ದದವುಗಳ ಮೇಲೊಮ್ಮೆ ಕೆಳಗೊಮ್ಮೆ ನುಸುಳಿ ಬರುವಾಗ ಉಜ್ಜಾಟದಲ್ಲಿ ಸ್ವಲ್ಪ ಹೋಗುತ್ತದೆ. ಬಟ್ಟೆ ಒಣಗಿಸಲು ಹೊಸ ಹಗ್ಗ ಬಿಗಿದು ಕಟ್ಟಿದರೆ ಬೆಳಗಾಗುವಷ್ಟರಲ್ಲಿ ಜೋತಿರುತ್ತದಲ್ಲ, ಇದೂ ಹಾಗೇ. ಮೊದಲ 24 ಗಂಟೆಯಲ್ಲಿ ಶೇಕಡಾ 10ರ ಹತ್ತಿರ ಇಳಿಯುವುದು ಮಾಮೂಲು. ಪಾಲಿಯೆಸ್ಟರ್ ಆದರೆ ಇನ್ನೂ ಜಾಸ್ತಿ. ಬಿಸಿಲಲ್ಲಿ ನಿಂತ ಕಾರಿನೊಳಗೆ ರಾಕೆಟ್ ಬಿಟ್ಟರಂತೂ ಕೇಳುವುದೇ ಬೇಡ.

ಎರಡು ಮೂರು ಪೌಂಡ್‌ಗೆ ಇಷ್ಟು ದೊಡ್ಡ ಪತ್ರ ಬೇಕಿತ್ತಾ? ಒಂದು ಪೌಂಡ್ ಹೆಚ್ಚುಕಮ್ಮಿಯಾದರೆ ಕೈಗೆ ಗೊತ್ತಾಗುವುದು ಕಷ್ಟ. ಆದರೆ ಚೆಂಡು ಎಲ್ಲಿ ಬೀಳುತ್ತದೆ ಅನ್ನುವುದು ಟೆನ್ಷನ್ ಬದಲಾದಂತೆ ಬದಲಾಗುತ್ತದೆ. ಚೆಂಡು ಸ್ಟ್ರಿಂಗ್ ಮೇಲೆ ಇರುವುದು ಸುಮಾರು 5 ಮಿಲಿಸೆಕೆಂಡ್. ಅಷ್ಟರಲ್ಲಿ ಚೆಂಡು ಚಪ್ಪಟೆಯಾಗುತ್ತದೆ, ಸ್ಟ್ರಿಂಗ್ ಹಿಂದಕ್ಕೆ ಬಾಗುತ್ತದೆ. ತನಗೆ ಬಂದ ಶಕ್ತಿಯಲ್ಲಿ ಶೇಕಡಾ 95ರಷ್ಟನ್ನು ಸ್ಟ್ರಿಂಗ್ ವಾಪಸ್ ಕೊಡುತ್ತದೆ. ಚೆಂಡು ಮಾತ್ರ ತನ್ನ ಪಾಲಿನಲ್ಲಿ ಅರ್ಧದಷ್ಟನ್ನು ನುಂಗಿಬಿಡುತ್ತದೆ. ಹಾಗಾಗಿ ಸ್ಟ್ರಿಂಗ್ ಸಡಿಲವಿದ್ದಷ್ಟೂ ಬಾಗುವ ಕೆಲಸ ಅದರದ್ದೇ ಜಾಸ್ತಿಯಾಗಿ, ಚೆಂಡು ಸ್ವಲ್ಪ ವೇಗವಾಗಿ ಹೊರಡುತ್ತದೆ.

ಈ ವೇಗದ ವ್ಯತ್ಯಾಸ ನಿಜಕ್ಕೂ ಚಿಕ್ಕದು. ಸಡಿಲ ಹಾಕಿಸಿದವರು "ಪವರ್ ಜಾಸ್ತಿಯಾಯ್ತು" ಅನ್ನುವುದು ಬಹುಪಾಲು ಕೋನದ ಆಟ. ಮೆತ್ತಗಿನ ಸ್ಟ್ರಿಂಗ್‌ನಿಂದ ಚೆಂಡು ತುಸು ಮೇಲಕ್ಕೆ ಹೊರಡುತ್ತದೆ, ಆದ್ದರಿಂದ ಉದ್ದ ಹೋಗಿ ಬೀಳುತ್ತದೆ. ಬಿಗಿ ಹಾಕಿಸಿದರೆ ಕಂಟ್ರೋಲ್ ಅನ್ನುವುದೂ ಇದರದ್ದೇ ಇನ್ನೊಂದು ಮುಖ: ಚೆಂಡು ಕೆಳಗೇ ಹೊರಟು ಗೆರೆಯೊಳಗೆ ಬೀಳುತ್ತದೆ. ನಿಮ್ಮ ಹಳೇ ನಂಬರನ್ನೇ ಹೊಸ ಮೆಷಿನ್‌ಗೆ ಹಾಕಿಕೊಟ್ಟಿದ್ದರೆ ಒಂದು ವಾರ ನೆಟ್‌ಗೆ ಹೊಡೆದು, ಫೋರ್‌ಹ್ಯಾಂಡ್ ಕೈಕೊಟ್ಟಿತು ಅಂತ ತಲೆಕೆಡಿಸಿಕೊಳ್ಳುತ್ತಿದ್ದಿರಿ.

ಸ್ಪಿನ್, ಅಂದರೆ ಚೆಂಡು ತಿರುಗುವುದರ ಬಗ್ಗೆ ಕೇಳುವವರು ಜಾಸ್ತಿ, ಅದಕ್ಕೇ ಅದನ್ನೂ ಹೇಳಿಬಿಡುತ್ತೇವೆ. ಟಾಪ್‌ಸ್ಪಿನ್ (ಚೆಂಡು ಮುಂದಕ್ಕೆ ಉರುಳುವಂತೆ ತಿರುಗುವ ಹೊಡೆತ) ಹೊಡೆದಾಗ ಉದ್ದದ ಸ್ಟ್ರಿಂಗ್‌ಗಳು ಅಡ್ಡದವುಗಳ ಮೇಲೆ ಪಕ್ಕಕ್ಕೆ ಜಾರುತ್ತವೆ. ಚೆಂಡು ಬಿಡುವ ಮೊದಲೇ ಚಕ್ಕನೆ ಜಾಗಕ್ಕೆ ಮರಳುತ್ತವೆ. ಹೆಚ್ಚುವರಿ ತಿರುಗು ಬರುವುದು ಆ ಮರಳುವಿಕೆಯಿಂದ. ಪಾಲಿಯೆಸ್ಟರ್ ಗಡಸು ಮತ್ತು ನುಣುಪು, ಅದಕ್ಕೇ ಈ ಕೆಲಸಕ್ಕೆ ಅದು ಹೇಳಿಮಾಡಿಸಿದ್ದು. 1997ರಲ್ಲಿ ಬ್ರೆಜಿಲ್‌ನ ಆಟಗಾರ ಗುಸ್ಟಾವೊ ಕ್ಯೂರ್ಟನ್ ಲಕ್ಸಿಲಾನ್ ಕಂಪನಿಯ ಪಾಲಿಯೆಸ್ಟರ್ ಹಾಕಿಕೊಂಡು ಫ್ರೆಂಚ್ ಓಪನ್ ಗೆದ್ದ ಮೇಲೆ ಎಲ್ಲರ ಕಣ್ಣೂ ಅದರ ಮೇಲೆ ಬಿತ್ತು. ಸ್ಟ್ರಿಂಗ್ ಜಾರಿಸುವ ಆಸೆ ಅದಕ್ಕೂ ಹಳೆಯದು. 1977ರಲ್ಲಿ ಸ್ಪಗೆಟಿ ರಾಕೆಟ್ ಅಂತ ಒಂದು ಬಂದಿತ್ತು, ಉದ್ದದ ಸ್ಟ್ರಿಂಗ್‌ಗಳನ್ನು ಹೆಣೆಯದೆ ಅಡ್ಡದವುಗಳ ಎರಡೂ ಕಡೆ ಬಿಟ್ಟದ್ದು. ಅದನ್ನು ಹಿಡಿದು ಆಡಿದ ಇಲೀ ನಸ್ಟಾಸೆ ಎದುರು ಗಿಲೆರ್ಮೊ ವಿಲಾಸ್ ಎರಡು ಸೆಟ್ ಸೋತು ಕೋರ್ಟ್ ಬಿಟ್ಟೇ ನಡೆದರು. ಅಂತಾರಾಷ್ಟ್ರೀಯ ಟೆನಿಸ್ ಫೆಡರೇಷನ್ ಆ ರಾಕೆಟ್ಟನ್ನು ನಿಷೇಧಿಸಿತು. ಸ್ಟ್ರಿಂಗ್‌ಗಳು ಒಂದನ್ನೊಂದು ದಾಟುವಲ್ಲಿ ಹೆಣೆದಿರಬೇಕು ಇಲ್ಲವೇ ಅಂಟಿರಬೇಕು ಅನ್ನುವ ನಿಯಮ ಈಗಲೂ ಇದೆ.

ಪಾಲಿಯೆಸ್ಟರ್ ಹಾಕಿಸುವವರಲ್ಲಿ ಒಂದು ಕೋರಿಕೆ. ಹರಿಯುವವರೆಗೆ ಕಾಯಬೇಡಿ. ಹಳೇ ರಾಕೆಟ್‌ನ ನಡುವಿನ ಒಂದು ಸ್ಟ್ರಿಂಗನ್ನು ಉಗುರಿನಿಂದ ಪಕ್ಕಕ್ಕೆ ಸರಿಸಿ ನೋಡಿ. ಅಡ್ಡದ್ದು ಕೊರೆದ ಸಣ್ಣ ಕಚ್ಚು ಕಾಣುತ್ತದೆ. ಕಚ್ಚು ಆಳವಾದ ಮೇಲೆ ಸ್ಟ್ರಿಂಗ್ ಸರಿದಲ್ಲೇ ಕೂರುತ್ತದೆ, ತಾನಾಗಿ ವಾಪಸ್ ಬರುವುದಿಲ್ಲ. ಹರಿದಿಲ್ಲ ನಿಜ, ಆದರೆ ನೀವು ಯಾವ ಸ್ಪಿನ್‌ಗಾಗಿ ಅದನ್ನು ಹಾಕಿಸಿದಿರೋ ಅದು ಹೋಗಿರುತ್ತದೆ. ಮೊಣಕೈ ನೋವಿರುವವರಿಗೆ ಮತ್ತು ಮಕ್ಕಳಿಗೆ ಪೂರ್ತಿ ಪಾಲಿಯೆಸ್ಟರ್ ಬೇಡ ಅನ್ನುವುದು ನಮ್ಮ ಅಭಿಪ್ರಾಯ. ಮೆತ್ತಗಿನ ನೈಲಾನ್ ಧಾರಾಳ ಸಾಕು. ಡ್ಯಾಂಪ್ನರ್ (ಸ್ಟ್ರಿಂಗ್ ನಡುವೆ ಸಿಕ್ಕಿಸುವ ಸಣ್ಣ ರಬ್ಬರ್ ತುಂಡು) ಹಾಕಿಕೊಂಡರೆ ಮೊಣಕೈ ಉಳಿಯುತ್ತದೆ ಅಂತ ನಂಬಿರುವವರೂ ಇದ್ದಾರೆ. ಅದು ಸ್ಟ್ರಿಂಗ್‌ನ ಟಿಂಗ್ ಸದ್ದನ್ನು ಅಡಗಿಸುತ್ತದೆ, ಅಷ್ಟೇ.

ಇನ್ನು ಮೇಲೆ ಚೀಟಿಯಲ್ಲಿ ಸ್ಟ್ರಿಂಗ್ ಹೆಸರು, ದಪ್ಪ, ಎಳೆದ ಟೆನ್ಷನ್, ತಾರೀಖಿನ ಜೊತೆಗೆ ಇನ್ನೊಂದು ನಂಬರ್ ಇರುತ್ತದೆ. ರಾಕೆಟ್ ಕೊಡುವ ಮೊದಲು ಸ್ಟ್ರಿಂಗ್ ತಟ್ಟಿ ಅದರ ಸದ್ದಿನ ಕಂಪನವನ್ನು ಅಳೆದು ಬರೆಯುತ್ತೇವೆ. ಫೋನಿನಲ್ಲಿ ಇದಕ್ಕೆ ಆ್ಯಪ್ ಸಿಗುತ್ತದೆ, ನೀವೂ ಆಗಾಗ ನೋಡಿಕೊಳ್ಳಬಹುದು. ಕಂಪನ ಶೇಕಡಾ 5 ಇಳಿದರೆ ಟೆನ್ಷನ್ ಸುಮಾರು ಶೇಕಡಾ 10 ಇಳಿದಿದೆ ಅಂತ ಲೆಕ್ಕ. ಈ ನಂಬರನ್ನು ಗೆಳೆಯರ ರಾಕೆಟ್ ಜೊತೆ ಹೋಲಿಸಬೇಡಿ. ರಾಕೆಟ್ ತಲೆಯ ಅಳತೆ, ಸ್ಟ್ರಿಂಗ್ ದಪ್ಪ, ಹೆಣಿಗೆ ಬೇರೆಯಾದರೆ ಅದೂ ಬೇರೆಯಾಗುತ್ತದೆ.

ಮೊದಲ ಸಲ ನಾವು ಹೇಳಿದ ನಂಬರ್‌ನಲ್ಲೇ ಆಡಿ ನೋಡಿ. ಚೆಂಡು ಗೆರೆ ದಾಟಿ ಹೋಗುತ್ತಿದ್ದರೆ ಮುಂದಿನ ಸಲ 2 ಪೌಂಡ್ ಏರಿಸೋಣ. ಗಿಡ್ಡ ಬೀಳುತ್ತಿದ್ದರೆ, ಇಲ್ಲವೇ ಕೈ ನೋಯುತ್ತಿದ್ದರೆ 2 ಇಳಿಸೋಣ. ಎರಡು ರಾಕೆಟ್ ಜೋಡಿಯಾಗಿ ಬಳಸುವವರು ಎರಡನ್ನೂ ಒಟ್ಟಿಗೇ ತನ್ನಿ. ಒಂದು ಹಳೇ ಮೆಷಿನ್‌ನದ್ದು, ಒಂದು ಹೊಸದರದ್ದು ಇಟ್ಟುಕೊಂಡು ಆಡಿದರೆ ಪಂದ್ಯದ ನಡುವೆ ರಾಕೆಟ್ ಬದಲಿಸಿದಾಗ ಪೇಚಾಟ.

ಸ್ಟ್ರಿಂಗ್ ಹರಿಯದೆ ಇದ್ದರೆ ಮನೆಯಲ್ಲಿ ಕತ್ತರಿಸಿ ತರಬೇಡಿ, ಹಾಗೇ ತನ್ನಿ. ಹಳೇ ಮೆಷಿನ್‌ನಲ್ಲಿ ಹಾಕಿದ್ದನ್ನು ಬಿಚ್ಚುವ ಮೊದಲು ಅದರ ಕಂಪನವನ್ನು ಅಳೆದುಕೊಳ್ಳುತ್ತೇವೆ. ಈಗ ನಿಮ್ಮ ಕೈಯಲ್ಲಿರುವುದು ಎಷ್ಟು ಸಡಿಲವಾಗಿದೆ ಅನ್ನುವುದು ಗೊತ್ತಾದರೆ ಹೊಸದನ್ನು ಎಲ್ಲಿಂದ ಶುರು ಮಾಡಬೇಕು ಅನ್ನುವುದು ನಿಖರವಾಗಿ ಸಿಗುತ್ತದೆ. ಆಡುವಾಗ ಹರಿದೇ ಹೋದರೆ ಮಾತ್ರ ಉಳಿದವನ್ನು ಕೂಡಲೇ ಕತ್ತರಿಸಿ. ಒಂದು ಪಕ್ಕದಿಂದ ಕತ್ತರಿಸುತ್ತಾ ಹೋಗಬೇಡಿ, ನಡುವಿನಿಂದ ಶುರುಮಾಡಿ ಉದ್ದ ಅಡ್ಡ ಎರಡನ್ನೂ ಸೇರಿಸಿ ಹೊರಕ್ಕೆ ಬನ್ನಿ. ಒಂದು ಕಡೆಯ ಎಳೆತ ಹೋಗಿ ಇನ್ನೊಂದು ಕಡೆಯದ್ದು ಉಳಿದರೆ ಫ್ರೇಮ್ ಸೊಟ್ಟಗಾಗಬಹುದು.

ವಿಶ್ವಾಸದಿಂದ,
ಗಟ್ಟಿಂಗ್ ವಿಭಾಗದ ಎಲ್ಲರೂ